ಕಾರಿಗೊಂದು ಭುಜಕೀರ್ತಿ

ನನ್ನ ಭಾಮೈದ ಕಾರು ಕೊಂಡು ಮೂರು ತಿಂಗಳಾಗಿರಲಿಲ್ಲ, ಅದು ಸಪೂರವಾಗಿದೆ ಎಂದು ಕೊರಗಲು ಶುರುಮಾಡಿದ. ಹೆಣ್ಣು ನೋಡಿ ಬಂದವರ ಧಾಟಿಯಲ್ಲೇ ಹೇಳಿದ: "ಎಲ್ಲಾ ಚೆನ್ನಾಗಿದೆ ಭಾವ, ಸ್ವಲ್ಪ ಮೈಕೈ ತುಂಬಿಕೊಂಡಿದ್ದರೆ..."

ಕಾರು ಟೊಯೋಟಾ 86. ಕೆಂಪು, ಸೆಕೆಂಡ್ ಹ್ಯಾಂಡ್. ಜಪಾನಿನಲ್ಲಿ ಇದನ್ನು ಹಾಚಿರೋಕು ಎನ್ನುತ್ತಾರೆ, ಎಂಟು ಆರು ಅಂತ. ಹೆಸರು, ರೂಪ ಟೊಯೋಟಾದ್ದು. ಎಂಜಿನ್ ಸುಬಾರುವಿನದು, ತಯಾರಾದದ್ದೂ ಗುನ್ಮಾದಲ್ಲಿರುವ ಸುಬಾರು ಕಾರ್ಖಾನೆಯಲ್ಲಿ. ಒಬ್ಬರ ಮಗುವನ್ನು ಇನ್ನೊಬ್ಬರು ಹೆತ್ತುಕೊಟ್ಟ ಹಾಗೆ. 200 ಅಶ್ವಶಕ್ತಿ. ಅಗಲ 1775 ಮಿಲಿಮೀಟರ್. ಈ ಕೊನೆಯ ಸಂಖ್ಯೆ ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ನಾವಿರುವುದು ನಾಗೋಯಾದ ಹೊರವಲಯದಲ್ಲಿ. ಅವನು ಕೆಲಸ ಹಿಡಿದು ಬಂದು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಎರಡು ಮಹಡಿ ಮೇಲೆ ಬಾಡಿಗೆಗೆ ಇದ್ದಾನೆ. ಬೆಂಗಳೂರಿನಲ್ಲಿ ಕಾಲೇಜಿಗೆ ಹೋಗುವಾಗ ಜೆ.ಸಿ. ರಸ್ತೆಗೆ ಹೋಗಿ ಮಾವನವರ ಮಾರುತಿಗೆ ಬೆಂಕಿ ಜ್ವಾಲೆಯ ಸ್ಟಿಕರ್ ಅಂಟಿಸಿಕೊಂಡು ಬಂದು ಬೈಸಿಕೊಂಡವನು. ಅಲ್ಲಿ ಅದಕ್ಕಿಂತ ಮುಂದೆ ಹೋಗುವ ಹಾಗಿರಲಿಲ್ಲ. ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿಯನ್ನು ತಿದ್ದುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿತು. ಜಪಾನಿಗೆ ಬಂದ ಮೇಲೆ ಅವನಿಗೆ ಊರಬಾಗಿಲೇ ತೆರೆದಂತಾಯಿತು.

ವೈಡ್ ಬಾಡಿ ಕಿಟ್ ಎಂದರೆ ಚಕ್ರದ ಮೇಲಿನ ಮಡ್‌ಗಾರ್ಡಿಗೆ, ಅಂದರೆ ಫೆಂಡರಿಗೆ, ಹೊರಗಿನಿಂದ ಉಬ್ಬು ಕೂರಿಸುವುದು. ಆ ಉಬ್ಬಿನ ಹೆಸರು ಓವರ್‌ಫೆಂಡರ್. ಇಲ್ಲಿನ ಹುಡುಗರ ಬಾಯಲ್ಲಿ ಓಬಾಫೆನ್. ಜೊತೆಗೆ ಬಂಪರಿನ ಕೆಳಗೊಂದು ತುಟಿ, ಬಾಗಿಲ ಕೆಳಗೆ ಸೈಡ್ ಸ್ಕರ್ಟು, ಡಿಕ್ಕಿಯ ಮೇಲೆ ರೆಕ್ಕೆ. ನಾನು ಕರಾವಳಿಯವನು. ಫೋಟೋ ನೋಡಿದ ಕೂಡಲೇ ನೆನಪಾದದ್ದು ಯಕ್ಷಗಾನದ ಭುಜಕೀರ್ತಿ. ಚೌಕಿಯಲ್ಲಿ ಲುಂಗಿ ಸುತ್ತಿಕೊಂಡು ಬೀಡಿ ಸೇದುತ್ತ ಕೂತಿದ್ದ ಸಣಕಲು ಮನುಷ್ಯನೇ ಭುಜಕೀರ್ತಿ, ಎದೆಪದಕ, ಕಿರೀಟ ಕಟ್ಟಿಕೊಂಡು ರಂಗಸ್ಥಳಕ್ಕೆ ಬಂದರೆ ಕರ್ಣ. ಮೈಯ ಬಲ ಒಂದಿಷ್ಟೂ ಹೆಚ್ಚಿಲ್ಲ, ಹೆಚ್ಚಿದ್ದು ಅಗಲ. ಆದರೂ ಮೂರನೇ ಸಾಲಿನಲ್ಲಿ ಕೂತ ಮಗು ಹೆದರಿ ಅಜ್ಜಿಯ ಮಡಿಲಿಗೆ ಹತ್ತುತ್ತದೆ.

"ಇದರಿಂದ ಕಾರು ಜೋರಾಗಿ ಓಡುತ್ತಾ?" ಎಂದು ಕೇಳಿದೆ.

"ಓಡಲ್ಲ ಭಾವ. ಗಾಳಿಗೆ ಅಡ್ಡ ಜಾಸ್ತಿಯಾಗಿ ಸ್ವಲ್ಪ ಕಮ್ಮಿಯೇ ಓಡಬಹುದು."

ಪ್ರಾಮಾಣಿಕ ಹುಡುಗ. ಆದರೆ ಪೂರ್ತಿ ನಿಜ ಅವನೂ ಹೇಳಲಿಲ್ಲ. ಉಬ್ಬಿನ ಕೆಳಗೆ ಅಗಲದ ಟಯರು ಹಾಕಬಹುದು, ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ. ಇದು ಹುಟ್ಟಿದ್ದೇ ರೇಸಿನಲ್ಲಿ.

ಜಪಾನಿನ ಕಾರುಗಳು ಸಪೂರವಾಗಿ ಬೆಳೆದದ್ದಕ್ಕೆ ಕಾರಣ ತೆರಿಗೆ. ಉದ್ದ 4.7 ಮೀಟರ್, ಅಗಲ 1.7, ಎತ್ತರ 2, ಎಂಜಿನ್ 2000 ಸಿ.ಸಿ. ಇಷ್ಟರೊಳಗಿದ್ದರೆ ಸಣ್ಣ ಕಾರು, ನಂಬರ್ ಪ್ಲೇಟಿನ ಮೇಲೆ 5ರಿಂದ ಶುರುವಾಗುವ ಅಂಕೆ. ಒಂದು ಅಳತೆ ಮೀರಿದರೂ 3. ಆ 3ಕ್ಕೆ ಒಂದು ಕಾಲದಲ್ಲಿ ಬೆನ್ನು ಮುರಿಯುವಷ್ಟು ತೆರಿಗೆಯಿತ್ತು. ಹಾಗಾಗಿ ನಿಸ್ಸಾನ್ ಸಿಲ್ವಿಯಾ ಎಸ್13ರ ಅಗಲ 1690, ಸಾಮಾನ್ಯ ಸ್ಕೈಲೈನ್ ಆರ್32ರದ್ದು 1695. ಅರ್ಧ ಟಿಕೆಟ್ಟಿಗಾಗಿ ಬಸ್ಸಿನಲ್ಲಿ ಅಮ್ಮ ಮಂಡಿ ಬಗ್ಗಿಸಿ ನಿಲ್ಲಿಸಿದ ಮಗುವಿನ ಹಾಗೆ ಈ ಕಾರುಗಳು ಐದು ಹತ್ತು ಮಿಲಿಮೀಟರ್ ಕುಗ್ಗಿಕೊಂಡೇ ನಿಂತಿದ್ದವು. 1989ರ ಏಪ್ರಿಲ್‌ನಲ್ಲಿ ತೆರಿಗೆ ಪದ್ಧತಿ ಬದಲಾಗಿ ಅಗಲಕ್ಕಿದ್ದ ದಂಡ ಹೋಯಿತು. ಅದೇ ಆಗಸ್ಟ್‌ನಲ್ಲಿ ಬಂದ ಆರ್32 ಜಿಟಿ-ಆರ್ 1755 ಮಿಲಿಮೀಟರ್ ಅಗಲವಿತ್ತು. ಅದರ ಎಂಜಿನ್ 2.6 ಲೀಟರಾದ್ದರಿಂದ ಹೇಗೂ 5ರ ಪಂಕ್ತಿಯಲ್ಲಿ ಎಲೆ ಸಿಗುತ್ತಿರಲಿಲ್ಲ ಅನ್ನಿ. ಆದರೂ ಮಗು ಮಂಡಿ ನೇರ ಮಾಡಿ ನಿಂತಂತೆ ಕಾಣುವುದು ಆ ಕಾರಿನಲ್ಲೇ.

ಕಿಟ್ಟು ಹಾಕಿಸುವವರೆಲ್ಲ ಪಡ್ಡೆಗಳು ಎನ್ನುವವರಿಗೆ ಭಾಮೈದ ಎರಡು ಉದಾಹರಣೆ ಇಟ್ಟುಕೊಂಡಿದ್ದಾನೆ. 1970ರ ಎರಡು ಬಾಗಿಲಿನ ಸ್ಕೈಲೈನ್ ಜಿಟಿ-ಆರ್‌ನ ಹಿಂದಿನ ಚಕ್ರಗಳ ಮೇಲೆ ಕಪ್ಪು ಓವರ್‌ಫೆಂಡರ್ ಕಾರ್ಖಾನೆಯಿಂದಲೇ ಬರುತ್ತಿತ್ತು. 1998ರಲ್ಲಿ ಸುಬಾರು ಇಂಪ್ರೆಜಾ 22ಬಿ ಎಂಬ ಅಗಲಿಸಿದ ಕಾರನ್ನು ಜಪಾನಿಗೆಂದು 400 ಮಾತ್ರ ಮಾಡಿತು, ಅಗಲ 1770. "ಕಂಪನಿ ಮಾಡಿದರೆ ಕಲೆಕ್ಟರ್ಸ್ ಐಟಂ, ನಾನು ಮಾಡಿದರೆ ಶೋಕಿಯಾ?" ಎಂದ. ಉತ್ತರ ಹೊಳೆಯದೆ ಕಾಫಿ ಕುಡಿದೆ.

ಆಮೇಲೆ ಶುರುವಾಯಿತು ಕಿಟ್ ಆರಿಸುವ ಪರ್ವ. ಆರು ವಾರ. ಜಾತಕ ನೋಡುವಲ್ಲಿಯೂ ಇಷ್ಟು ಹೊತ್ತು ಹಿಡಿಯುವುದಿಲ್ಲ.

ಮೊದಲು ಕ್ಯೋಟೋದ ಕೇ ಮಿಯುರಾ ಅವರ ರಾಕೆಟ್ ಬನ್ನಿ. 86ಕ್ಕೆ ವೈಡ್ ಬಾಡಿ ಎಂದರೆ ಲೋಕದ ಕಣ್ಣಿಗೆ ಕಟ್ಟುವುದು ಅವರದ್ದೇ. ಕಾರಿನ ಮೈಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ರೂಪ ತಿದ್ದಿ ಅಚ್ಚು ತೆಗೆಯುತ್ತಾರೆ. ಫೆಂಡರನ್ನು ಕೂರಿಸಿದ ಬೋಲ್ಟುಗಳನ್ನು ಮುಚ್ಚಿಡುವುದಿಲ್ಲ, ಸಾಲಾಗಿ ಹೊರಗೇ ಕಾಣಬೇಕು. ನನಗದು ಹೊಲಿಗೆ ಬಿಚ್ಚದೆ ಆಸ್ಪತ್ರೆಯಿಂದ ಬಂದವರ ಹಾಗೆ ಕಂಡಿತು. ಅದೇ ಅಂದ ಎಂದ.

ಎರಡನೆಯದು ವಾತಾರು ಕಾತೋ ಅವರ ಲಿಬರ್ಟಿ ವಾಕ್. ಅವರ ಠಿಕಾಣಿ ಒವಾರಿಯಾಸಾಹಿ, ನಮ್ಮ ಐಚಿ ಪ್ರಾಂತ್ಯದಲ್ಲೇ. 1980ರ ದಶಕದ ಮೊದಲಲ್ಲಿ ಫ್ಯೂಜಿ ಸ್ಪೀಡ್‌ವೇಯಲ್ಲಿ ಓಡುತ್ತಿದ್ದ ಸೂಪರ್ ಸಿಲೂಯೆಟ್ ರೇಸ್ ಕಾರುಗಳಿಗೆ ಪೆಟ್ಟಿಗೆಯಂಥ ಫೆಂಡರು, ಸಲಿಕೆಯಂಥ ಮುಂಬದಿ. ಅವುಗಳಲ್ಲಿ ಹೆಸರಾದ ಸ್ಕೈಲೈನಿಗೆ ಕೆಂಪು ಕಪ್ಪು ಬಣ್ಣ. ಮೈಮೇಲೆ ಟೊಮಿಕಾ ಎಂಬ ಆಟಿಕೆ ಕಾರಿನ ಹೆಸರು. ನಿಜವಾದ ಕಾರಿಗೆ ಆಟಿಕೆಯ ಜಾಹೀರಾತು. ಅದನ್ನು ನೋಡಿದ ಹುಡುಗರು ತಮ್ಮ ಮನೆಯ ಹಳೆ ಕಾರಿಗೆ ತಗಡು ಬಡಿದು ಅದೇ ವೇಷ ಕಟ್ಟಿದರು. ಆ ಬೀದಿಯ ರುಚಿಯನ್ನು ಕಾತೋ ಫೆರಾರಿ, ಲ್ಯಾಂಬೋರ್ಗಿನಿಗಳ ಮೈಗೂ ಹತ್ತಿಸಿದರು. ಕೋಟಿ ಬೆಲೆಯ ಫೆರಾರಿಯ ಫೆಂಡರ್ ಕತ್ತರಿಸುವುದೆಂದರೆ ಕಾಂಜೀವರಂ ಸೀರೆ ಕತ್ತರಿಸಿ ಲಂಗ ಹೊಲಿಸಿದಂತೆ ಎಂದು ಬೈದವರು ಎಷ್ಟೋ ಮಂದಿ.

ಅಕಿರಾ ನಕಾಯಿ ಅವರ ಕೆಲಸ ಪೋರ್ಶೆಗಳಿಗೆ ಮೀಸಲು, ನಮಗೆ ಸಂಬಂಧವಿಲ್ಲ. ಆದರೂ ಒಂದು ಸಂಜೆ ಪೂರ್ತಿ ಅವರ ವಿಡಿಯೋ ನೋಡಿದೆವು. ಚಿಬಾದಿಂದ ತಾವೇ ದೇಶ ದೇಶಕ್ಕೆ ಹೋಗಿ, ಕಾರಿನ ಪಕ್ಕ ನೆಲದ ಮೇಲೆ ಕೂತು, ಕೈಯಾರೆ ಕೊಯ್ದು, ಉಬ್ಬು ಕೂರಿಸಿ, ಕೊನೆಗೆ ಕಾರಿಗೊಂದು ಹೆಸರಿಟ್ಟು ಬರುತ್ತಾರೆ. ಪುರೋಹಿತರು ಬಂದು ನಾಮಕರಣ ಮಾಡಿ ಹೋದ ಹಾಗೆ.

ಇವಲ್ಲದೆ ನಕಲಿಗಳ ಸಂತೆಯೇ ಇದೆ. ಅಸಲಿ ಕಿಟ್ಟಿನಿಂದ ಅಚ್ಚು ಎತ್ತಿ ತೆಗೆದ ತೆಳು ಎಫ್‌ಆರ್‌ಪಿ ಮಾಲು, ಅಂದರೆ ನಾರು ಸೇರಿಸಿದ ಪ್ಲಾಸ್ಟಿಕ್ಕು. ಬೆಲೆ ಕಮ್ಮಿ, ಕೂರುವುದೂ ಕಮ್ಮಿ. ಭಾಮೈದನ ಆಫೀಸಿನವನೊಬ್ಬನ ಗ್ಯಾರೇಜಿನಲ್ಲಿ ಒಂದನ್ನು ಹಿಡಿದು ನೋಡಿದೆ. ಫೆಂಡರಿನ ಒಳಬದಿಯಲ್ಲಿ ನಾರು ಎದ್ದು ಬೆರಳಿಗೆ ಚುಚ್ಚಿತು, ಅಂಚು ಗೋಡೆಗೆ ಬಳಿದ ಸುಣ್ಣದ ಹಾಗೆ ಏರಿಳಿತ. ಕಾರಿಗಿಟ್ಟರೆ ಒಂದು ತುದಿ ಕೂತಿತು, ಇನ್ನೊಂದು ತುದಿಯ ಸಂದಿಯಲ್ಲಿ ನನ್ನ ಕಿರುಬೆರಳು ಹೋಯಿತು. ಅಸಲಿಯಾದರೂ ಎಫ್‌ಆರ್‌ಪಿ ಎಂದರೆ ಉಜ್ಜಬೇಕು, ಪುಟ್ಟಿ ಹಾಕಬೇಕು, ಪ್ರೈಮರ್ ಹೊಡೆಯಬೇಕು, ಬಣ್ಣ ಕೂಡಿಸಬೇಕು. ಪೆಟ್ಟಿಗೆ ಬಿಚ್ಚಿ ಸ್ಕ್ರೂ ತಿರುಗಿಸಿದರೆ ಮುಗಿಯಿತು ಎಂದುಕೊಂಡವರು ಕೂಲಿಯ ಬಿಲ್ಲು ಬಂದಾಗ ಕುರ್ಚಿ ಹುಡುಕುತ್ತಾರೆ.

ಆರನೇ ವಾರ, ಪಲ್ಯಕ್ಕೆ ಬೀನ್ಸ್ ಬಿಡಿಸುತ್ತಿದ್ದ ನನ್ನ ಹೆಂಡತಿ ತಲೆಯೆತ್ತದೆ ಕೇಳಿದಳು. "ಲೋ, ಚಕ್ರ ಯಾವುದು ಹಾಕ್ತೀಯ?"

"ಅದು ಆಮೇಲೆ ಅಕ್ಕಾ, ಮೊದಲು ಕಿಟ್ಟು."

"ಯಾರಾದರೂ ಬ್ಲೌಸು ಹೊಲಿಸಿಕೊಂಡು ಆಮೇಲೆ ಸೀರೆ ತೊಗೋತಾರೇನೋ?"

ನಾವಿಬ್ಬರೂ ಸುಮ್ಮನಾದೆವು. ಆರು ವಾರದಲ್ಲಿ ಯಾವ ಅಂಗಡಿಯವನೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಚಕ್ರವೇ ಸೀರೆ. ಫೆಂಡರ್ ಅದಕ್ಕೆ ಒಪ್ಪುವ ಬ್ಲೌಸು.

ಆ ರಾತ್ರಿ ಲೆಕ್ಕ ಹಾಕಿದೆವು. ಹಾಚಿರೋಕುವಿನ ಮೂಲ ಚಕ್ರ 17 ಇಂಚು, ಅಗಲ 7 ಇಂಚು, ಇನ್‌ಸೆಟ್ 48. ಇನ್‌ಸೆಟ್ ಎಂದರೆ ಚಕ್ರದ ನಡುಗೆರೆಯಿಂದ ಬೋಲ್ಟು ಕೂರುವ ಮುಖ ಎಷ್ಟು ಹೊರಗಿದೆ ಎಂಬ ಅಳತೆ. ಅದು ಕಮ್ಮಿಯಾದಷ್ಟೂ ಚಕ್ರ ಆಚೆ ಬರುತ್ತದೆ. ಒಂಬತ್ತೂವರೆ ಇಂಚಿನ, ಇನ್‌ಸೆಟ್ 22ರ ಚಕ್ರ ಹಾಕಿದರೆ ಹೊರ ಅಂಚು ಸುಮಾರು 58 ಮಿಲಿಮೀಟರ್ ಆಚೆಗೆ. ಮೂಲ ಚಕ್ರ ಫೆಂಡರಿನ ಒಳಗೇ ಕೂತಿರುವುದರಿಂದ ಅಷ್ಟೂ ಹೊರಗೆ ಚಾಚುವುದಿಲ್ಲ. ಬದಿಗೆ 50 ಮಿಲಿಮೀಟರಿನ ಫೆಂಡರಿದ್ದರೆ ಅದರಡಿಯಲ್ಲಿ ಇನ್ನೂ ಜಾಗ ಉಳಿಯುತ್ತದೆ. ಉಳಿದರೆ ಅಣ್ಣನ ಅಂಗಿ ತೊಟ್ಟ ತಮ್ಮ. ಮೀರಿದರೆ ಪೊಲೀಸು. ಎರಡರ ನಡುವಿನ ಕೂದಲೆಳೆಯ ಜಾಗಕ್ಕೆ ಇಲ್ಲಿ ತ್ಸುರಾಇಚಿ ಎಂದು ಹೆಸರು: ಚಕ್ರದ ಮುಖವೂ ಫೆಂಡರಿನ ಅಂಚೂ ಒಂದೇ ಗೆರೆಯಲ್ಲಿ. ಅದಕ್ಕಾಗಿ ಸ್ಪೇಸರ್ ಎಂಬ ಬಿಲ್ಲೆ ಹಾಕಿ ಚಕ್ರವನ್ನು ಇನ್ನಷ್ಟು ಹೊರಗೆ ತಳ್ಳುವವರಿದ್ದಾರೆ. ಸ್ಟೀರಿಂಗ್ ಭಾರವಾಗುತ್ತದೆ, ಬೇರಿಂಗ್ ಬೇಗ ಗೋಳಿಡುತ್ತದೆ.

ಇನ್ನು ಕೊಯ್ಯುವ ಕೆಲಸ. ಮುಂದಿನ ಫೆಂಡರು ಬೋಲ್ಟಿನದು, ಬೇಡವಾದರೆ ಹಳೆಯದನ್ನು ಮತ್ತೆ ಹಾಕಬಹುದು. ಹಿಂದಿನದು ಕಾರಿನ ಮೈಯೇ. ಒಳಗೊಂದು, ಹೊರಗೊಂದು ತಗಡು. ಎರಡನ್ನೂ ಕೊಯ್ದ ಮೇಲೆ ಬಾಯಿ ಕೂಡಿಸಿ ವೆಲ್ಡ್ ಮಾಡಿ ಸೀಲರ್ ಬಳಿಯದಿದ್ದರೆ ಚಕ್ರ ಎರಚಿದ ನೀರೆಲ್ಲ ಒಳಗೆ ಸೇರಿ ತುಕ್ಕು. ಮುಂದಿನದು ಕಿವಿ ಚುಚ್ಚಿಸಿದ ಹಾಗೆ, ಹಿಂದಿನದು ಕಿವಿ ಕೊಯ್ಸಿದ ಹಾಗೆ.

ಇಷ್ಟಕ್ಕೂ ಅವನು ಹಿಂಜರಿಯಲಿಲ್ಲ. ಶಾಕೆನ್ ಎಂಬ ತಪಾಸಣೆಗೂ ಹೆದರಲಿಲ್ಲ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಅದು ಬರುತ್ತದೆ. ಕಾಗದದಲ್ಲಿರುವ ಅಗಲಕ್ಕಿಂತ 20 ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸವಾದರೆ ರಚನೆ ಬದಲಾಗಿದೆ ಎಂದು ಅರ್ಜಿ ಹಾಕಿ, ಗಾಡಿ ತೋರಿಸಿ, ಹೊಸ ಅಳತೆ ಬರೆಸಿಕೊಳ್ಳಬೇಕು. ಬರೆಸಿಕೊಳ್ಳೋಣ ಎಂದ. ನಮ್ಮೂರಿನ ಆರ್‌ಟಿಓ ಕಂಡಿದ್ದವನಿಗೆ ಇಲ್ಲಿನ ಅರ್ಜಿ ನಮೂನೆಯೇ ಒಂದು ಸಂಭ್ರಮ.

ಅವನನ್ನು ನಿಲ್ಲಿಸಿದ್ದು ನಮ್ಮ ಪಾರ್ಕಿಂಗು. ಜಪಾನಿನಲ್ಲಿ ಕಾರು ನೋಂದಾಯಿಸುವ ಮೊದಲು ಅದನ್ನು ನಿಲ್ಲಿಸಲು ಜಾಗವಿದೆ ಎಂದು ಪೊಲೀಸರಿಗೆ ತೋರಿಸಿ ಪ್ರಮಾಣಪತ್ರ ಪಡೆಯಬೇಕು. ನಮ್ಮದು ಯಂತ್ರದ ಪಾರ್ಕಿಂಗ್. ಕಬ್ಬಿಣದ ತಟ್ಟೆಗಳು ಒಂದರ ಮೇಲೊಂದು, ಗುಂಡಿ ಒತ್ತಿದರೆ ನಮ್ಮ ತಟ್ಟೆ ಕೆಳಗಿಳಿದು ಬರುತ್ತದೆ. ದಿನಾ ನೋಡುವ ಫಲಕವನ್ನು ಅಂದು ಮೊದಲ ಬಾರಿಗೆ ಓದಿದೆವು: ಅಗಲ 1850ರವರೆಗೆ.

1775ಕ್ಕೆ ಎರಡೂ ಬದಿಯ 50 ಸೇರಿದರೆ 1875. ಹೆಚ್ಚಾದದ್ದು 25 ಮಿಲಿಮೀಟರ್. ನನ್ನ ಹೆಬ್ಬೆರಳಿಗಿಂತ ಚೂರು ದಪ್ಪ.

"ಫಲಕದಲ್ಲಿ ಸ್ವಲ್ಪ ಬಿಟ್ಟು ಬರೆದಿರ್ತಾರೆ ಭಾವ" ಎಂದ. ಭಾನುವಾರ ಬೆಳಿಗ್ಗೆ ನೀರಿನ ಬಾಟಲಿ ಬಂದಿದ್ದ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಪಟ್ಟಿ ಪಟ್ಟಿಯಾಗಿ ಕತ್ತರಿಸಿದೆವು. ರಟ್ಟು 5 ಮಿಲಿಮೀಟರ್ ದಪ್ಪ, ಹತ್ತು ಪದರ ಅಂಟಿಸಿದರೆ 50. ನಾಲ್ಕು ಚಕ್ರದ ಮೇಲೂ ಮಾಸ್ಕಿಂಗ್ ಟೇಪಿನಲ್ಲಿ ಕಟ್ಟಿದಾಗ ಕೆಂಪು ಹಾಚಿರೋಕು ನಿಜಕ್ಕೂ ಬಯಲಾಟದ ವೇಷವೇ. ಅವನು ಇಂಚಿಂಚೇ ಒಳಗೆ ಬಿಟ್ಟ. ನಾನು ಮುಂದೆ ನಿಂತು ಕೈಬೀಸುತ್ತಿದ್ದೆ. ಎಡಗಡೆ ರಟ್ಟು ಕಂಬಕ್ಕೆ ತಾಗಿ ಜರ್ರೆಂದಿತು.

ಕಾವಲಿನ ಅಜ್ಜ ಅಷ್ಟರಲ್ಲಿ ಬಂದು ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದರು. ಬೈಯಲಿಲ್ಲ. ಟೇಪು ತಂದು, ಬಗ್ಗಿ, ರಟ್ಟನ್ನೂ ಕಂಬವನ್ನೂ ಎರಡು ಸಲ ಅಳೆದು, ತಲೆ ಓರೆ ಮಾಡಿ "ಚೊತ್ತೊ..." ಎಂದರು. ಸ್ವಲ್ಪ ಎಂದರ್ಥ. ಈ ದೇಶದಲ್ಲಿ ಹೀಗೆ ಅರ್ಧಕ್ಕೆ ನಿಂತ 'ಸ್ವಲ್ಪ'ಕ್ಕೆ ಸುತರಾಂ ಆಗುವುದಿಲ್ಲ ಎಂದು ಅನುವಾದ. ಭುಜಕೀರ್ತಿ ಕಟ್ಟಿದವನು ಚೌಕಿಯ ಬಾಗಿಲಲ್ಲಿ ಅಡ್ಡ ತಿರುಗಿ ಹೊರಬೀಳುತ್ತಾನೆ. ಕಾರಿಗೆ ಆ ಉಪಾಯವೂ ಇಲ್ಲ.

ಎರಡು ವಾರದ ಮೇಲೆ ಒಂದು ಪೊಟ್ಟಣ ಬಂತು, ಉದ್ದಿನ ಹಪ್ಪಳದ ಕಟ್ಟಿನಷ್ಟು ಹಗುರ. ಒಳಗೆ ಕಪ್ಪು ರಬ್ಬರಿನ ಪಟ್ಟಿಗಳು. 9 ಮಿಲಿಮೀಟರಿನ ಫೆಂಡರ್ ಮೋಲ್. ಒಂಬತ್ತೂ ಒಂಬತ್ತೂ ಹದಿನೆಂಟು, ಇಪ್ಪತ್ತರೊಳಗೆ. ಅರ್ಜಿ ಬೇಡ, ಗರಗಸ ಬೇಡ, ವೆಲ್ಡಿಂಗ್ ಬೇಡ. ಎರಡು ಮುಖದ ಟೇಪು ಬಿಡಿಸಿ, ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ, ಚಕ್ರದ ಕಮಾನಿನ ಉದ್ದಕ್ಕೂ ಹೆಬ್ಬೆರಳಲ್ಲಿ ಒತ್ತುತ್ತ ಒಂದು ಮಧ್ಯಾಹ್ನ ಕಳೆದ. ಮುಗಿಸಿ ಎದ್ದು, ಹತ್ತು ಹೆಜ್ಜೆ ಹಿಂದೆ ಹೋಗಿ, ಕಣ್ಣು ಕಿರಿದು ಮಾಡಿ ಕೇಳಿದ. "ಭಾವ, ಅಗಲ ಕಾಣ್ತಿದೆಯಾ?"

"ಕಾಣ್ತಿದೆ ಮಾರಾಯ, ಚೆನ್ನಾಗಿ ಕಾಣ್ತಿದೆ" ಎಂದೆ.

ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವಳು ಕೆಳಗೆ ಬಗ್ಗಿ ನೋಡಿದಳು.

"ಬ್ಲೌಸಿಗೆ ಪೈಪಿಂಗ್ ಇಟ್ಟ ಹಾಗಿದೆ" ಎಂದಳು.