ಮನೆಮನೆಗೆ ಹೋದವರ ಹೆಸರು ಯಾವ ಪುಟದಲ್ಲಿದೆ?

ಈಗಷ್ಟೇ ಒಂದು ವರದಿ ಬಿಡುಗಡೆಯ ಕಾರ್ಯಕ್ರಮದಿಂದ ಬಂದೆ. ಕೋಪ ಇನ್ನೂ ಇಳಿದಿಲ್ಲ. ಬರಹ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಸರ್ಕಾರಿ ನೀತಿಗಳ ಬಗ್ಗೆ ಸಂಶೋಧನೆ ಮಾಡುವ ಒಂದು ಲಾಭರಹಿತ ಸಂಸ್ಥೆಯ ವರದಿ ಅದು. ಕೆಲಸ ಚೆನ್ನಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ವೇದಿಕೆಯಲ್ಲಿದ್ದವರು ಎಲ್ಲರಿಗೂ ಧನ್ಯವಾದ ಹೇಳಿದರು. ಹಣ ಕೊಟ್ಟವರಿಗೆ, ಸಲಹಾ ಸಮಿತಿಗೆ, ಮುಖಪುಟ ಮಾಡಿದವರಿಗೆ, ಎಲ್ಲರಿಗೂ ಹೆಸರು ಹಿಡಿದು. ಆಮೇಲೆ, ಮನೆಮನೆಗೆ ಹೋಗಿ ಮಾಹಿತಿ ತಂದವರಿಗೆ, "ನಮ್ಮ ಫೀಲ್ಡ್ ಟೀಮ್‌ಗೂ" ಅಂತ ಒಂದೇ ಮಾತು. ಚಪ್ಪಾಳೆ ಬಿತ್ತು, ಮುಗಿಯಿತು.

ಕೊನೆಯ ಸಾಲಿನಲ್ಲಿ ಆ ಟೀಮಿನ ಇಬ್ಬರು ಹುಡುಗಿಯರು ಕೂತಿದ್ದರು. ಒಬ್ಬಳು ವರದಿಯ ಮೊದಲ ಪುಟಗಳನ್ನು ಹಿಂದೆ ಮುಂದೆ ತಿರುವುತ್ತಿದ್ದಳು. ಏನು ಹುಡುಕುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ನಾನೂ ನನ್ನ ಪ್ರತಿ ತೆಗೆದು ಹುಡುಕಿದೆ. ಲೇಖಕರು ನಾಲ್ವರು. ಕೃತಜ್ಞತೆಯ ಪುಟದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಹೆಸರು. ಮನೆಮನೆಗೆ ಹೋದವರದ್ದು ಒಂದೂ ಇಲ್ಲ.

ನಿಮಗೆ ಗೊತ್ತೇ ಇದೆ, ಹನ್ನೊಂದು ವರ್ಷ ನಾನು ಇಂಥ ಸಮೀಕ್ಷೆ, ವರದಿಗಳ ಕೆಲಸದಲ್ಲೇ ಇದ್ದೆ. ವರದಿಯಲ್ಲಿ ಅಚ್ಚಾಗುವ ಒಂದು ಅಂಕಿ ಎಲ್ಲಿ ಹುಟ್ಟುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ. ಪ್ರಶ್ನಾವಳಿ ಬರೆಯುವವರು ಕಚೇರಿಯಲ್ಲಿರುತ್ತಾರೆ. ಅದನ್ನು ಹಿಡಿದು ಗುರುತಿಲ್ಲದವರ ಬಾಗಿಲು ತಟ್ಟುವವರು ಬೇರೆ. ಸಾಲ ಎಷ್ಟಿದೆ, ಕಾಯಿಲೆ ಯಾರಿಗಿದೆ ಅಂತ ಅವರು ಕೇಳಬೇಕು. ಕೆಲವರು ಬೈದು ಕಳಿಸುತ್ತಾರೆ. ಬೀಗ ಹಾಕಿದ ಮನೆಗೆ ಮತ್ತೆ ಮತ್ತೆ ಹೋಗಬೇಕು. ಯಾರಾದರೂ "ಗೊತ್ತಿಲ್ಲ" ಅಂದರೆ, ನಿಜವಾಗಿ ಗೊತ್ತಿಲ್ಲವೋ, ಪಕ್ಕದಲ್ಲಿ ಕೂತವರಿಗೆ ಹೆದರಿ ಹಾಗಂದರೋ ಅಂತ ಮುಖ ನೋಡಿಯೇ ತಿಳಿಯಬೇಕು.

ಈ ಕೆಲಸವನ್ನು ನಾವು ಸುಮ್ನೆ ನಂಬಿಬಿಡುವುದೂ ಇಲ್ಲ. ಸಂದರ್ಶನ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಹೊತ್ತಿಗೆ ಮುಗಿಯಿತು, ಎಲ್ಲ ಟ್ಯಾಬ್ಲೆಟ್‌ನಲ್ಲಿ ದಾಖಲಾಗುತ್ತದೆ. ಕೆಲವು ಮನೆಗಳಿಗೆ ಬೇರೆಯವರು ಮತ್ತೆ ಹೋಗಿ ಅವೇ ಪ್ರಶ್ನೆ ಕೇಳಿ, ಉತ್ತರ ತಾಳೆ ನೋಡುತ್ತಾರೆ. ಬ್ಯಾಕ್‌ಚೆಕ್ ಅನ್ನುತ್ತೇವೆ. ತಾಳೆಯಾಗದಿದ್ದರೆ ಯಾರು ಹೋಗಿದ್ದರು ಅಂತ ಒಂದೇ ನಿಮಿಷದಲ್ಲಿ ಹೇಳಬಹುದು, ಯಾಕೆಂದರೆ ಪ್ರತಿ ಫಾರ್ಮ್‌ನಲ್ಲೂ ಅವರ ಕೋಡ್ ಇರುತ್ತದೆ. ತಪ್ಪು ಯಾರದು ಅಂತ ಹುಡುಕಲು ಅವರ ಹೆಸರು ಬೇಕು. ವರದಿಯಲ್ಲಿ ಮಾತ್ರ ಬೇಡ. ನನಗೆ ಸಹಿಸಲು ಆಗದಿರುವುದು ಇದೇ.

ಇದು ಹಳೇ ಚಾಳಿ. ಲಂಡನ್ನಿನ ಬಡತನದ ಬಗ್ಗೆ ಚಾರ್ಲ್ಸ್ ಬೂತ್ 1886ರಲ್ಲಿ ಶುರು ಮಾಡಿದ ಸಮೀಕ್ಷೆ 17 ಸಂಪುಟಗಳಾಗಿ 1903ಕ್ಕೆ ಮುಗಿಯಿತು. ಸುಮಾರು 30 ಶೇಕಡಾ ಜನ ಬಡತನದಲ್ಲಿದ್ದಾರೆ ಅನ್ನುವ ಅದರ ಲೆಕ್ಕ ನೋಡಿ ದೇಶವೇ ಬೆಚ್ಚಿತು. ಆದರೆ ಯಾವ ಕುಟುಂಬ ಹೇಗೆ ಬದುಕುತ್ತಿದೆ ಅನ್ನುವ ಮಾಹಿತಿ ಬಹುಪಾಲು ಬಂದದ್ದು ಶಾಲಾ ಮಂಡಳಿಯ ಭೇಟಿಗಾರರಿಂದ. ಮಕ್ಕಳು ಶಾಲೆಗೆ ಬರುತ್ತಿದ್ದಾರಾ ಅಂತ ನೋಡಲು ಅವರು ವರ್ಷಗಟ್ಟಲೆ ಆ ಬೀದಿಗಳಲ್ಲಿ ತಿರುಗಿದ್ದವರು. ಇಂಗ್ಲೆಂಡಿನದೇ ಯಾರ್ಕ್ ನಗರದಲ್ಲಿ 1899ರಲ್ಲಿ ಸೀಬೋಮ್ ರೌಂಟ್ರಿ ಮಾಡಿಸಿದ ಸಮೀಕ್ಷೆ 11,560 ಕುಟುಂಬಗಳನ್ನು ಮುಟ್ಟಿತು. ಅಲ್ಲೂ ಮನೆಮನೆಗೆ ಹೋಗಲು ಬೇರೆಯವರಿದ್ದರು. ಬೂತ್, ರೌಂಟ್ರಿ ಹೆಸರು ನಾವು ಓದಿದ್ದೇವೆ. ಬಾಗಿಲು ತಟ್ಟಿದವರ ಹೆಸರು ನಿಮ್ಮಲ್ಲಿ ಯಾರಾದರೂ ಓದಿದ್ದೀರಾ? ಅದೇ ಕಾಲದಲ್ಲಿ ಅಮೆರಿಕದ ಕಪ್ಪು ಸಮಾಜಶಾಸ್ತ್ರಜ್ಞ ಡು ಬೊಯಿಸ್ ಫಿಲಡೆಲ್ಫಿಯಾದಲ್ಲಿ ತಾನೇ ಬಾಗಿಲು ಬಾಗಿಲು ಅಲೆದು ಕಪ್ಪು ಜನರ ಬದುಕನ್ನು ದಾಖಲಿಸಿದರು. ಅವರನ್ನು ಓದುವಾಗ ಆ ಮನೆಗಳ ಒಳಗೆ ಕೂತು ಬಂದವರ ಮಾತು ಅಂತ ಗೊತ್ತಾಗುತ್ತದೆ.

ಈಗ ನನ್ನದೇ ತಪ್ಪು ಹೇಳಬೇಕು. ನನ್ನ ಮೊದಲ ವರದಿ ನೀರಿನ ಬಗ್ಗೆ. ನೀರು ತರಲು ದಿನಕ್ಕೆ ಎಷ್ಟು ಹೊತ್ತು ಬೇಕು ಅನ್ನುವುದು ನಮ್ಮ ಒಂದು ಪ್ರಶ್ನೆ. ಎರಡನೇ ವಾರ ಒಬ್ಬ ಹುಡುಗಿ ಫೀಲ್ಡ್‌ನಿಂದ ಫೋನ್ ಮಾಡಿದಳು. "ಮೇಡಂ, ಈ ಪ್ರಶ್ನೆಗೆ ಸುಳ್ಳು ಉತ್ತರ ಬರ್ತಿದೆ. ನಾವು ಹೋಗೋ ಹೊತ್ತಲ್ಲಿ ಮನೇಲಿ ಗಂಡಸರೇ ಇರ್ತಾರೆ, ಹತ್ತು ನಿಮಿಷ ಅಂತಾರೆ. ನಿನ್ನೆ ಸಂಜೆ ಅದೇ ಮನೆಗೆ ಹೋದೆ. ಆಯಮ್ಮ ಒಂದೂವರೆ ಗಂಟೆ ಅಂದ್ರು." ಆ ಒಂದು ಫೋನಿನಿಂದ ನಾವು ಇಡೀ ಸಮೀಕ್ಷೆಯ ಹೊತ್ತು ಬದಲಿಸಿದೆವು. ನೀರು ತರುವವರನ್ನೇ ಕೇಳಬೇಕು ಅಂತ ನಿಯಮ ಮಾಡಿದೆವು. ಕೊನೆಗೆ ಗಂಡಸರ ಮತ್ತು ಹೆಂಗಸರ ಉತ್ತರದ ನಡುವಿನ ಆ ಅಂತರವೇ ವರದಿಯ ಮುಖ್ಯ ವಿಷಯ ಆಯಿತು. ಅದರ ಬಗ್ಗೆ ನಾನು ಎಷ್ಟೋ ವೇದಿಕೆಗಳಲ್ಲಿ ಮಾತಾಡಿದೆ. ವರದಿಯಲ್ಲಿ ಏನು ಬರೆದೆ ಗೊತ್ತಾ? "ಆರಂಭಿಕ ಹಂತದ ಅನುಭವದ ಮೇಲೆ ಪ್ರಶ್ನಾವಳಿಯನ್ನು ಪರಿಷ್ಕರಿಸಲಾಯಿತು." ಅಷ್ಟೇ. ಪರಿಷ್ಕರಿಸಲಾಯಿತು. ಯಾರಿಂದ? ಪುಟ ಜಾಸ್ತಿಯಾಯಿತು ಅಂತ ಸಮೀಕ್ಷೆ ಮಾಡಿದವರ ಪಟ್ಟಿಯನ್ನು ತೆಗೆದು ಹಾಕಿದ್ದೂ ನಾನೇ. ಯಾರೂ ಹೇಳಿರಲಿಲ್ಲ.

ಇವತ್ತು ಕಾರ್ಯಕ್ರಮ ಮುಗಿದ ಮೇಲೆ, ಮನೆಮನೆಗೆ ಹೋದವರ ಹೆಸರು ಯಾಕಿಲ್ಲ ಅಂತ ಲೇಖಕರಲ್ಲಿ ಒಬ್ಬರನ್ನು ಕೇಳಿದೆ. ಯೋಚನೆ, ವಿಶ್ಲೇಷಣೆ ನಮ್ಮದು, ಅವರು ಕೂಲಿ ತಗೊಂಡು ಮಾಹಿತಿ ತಂದರು, ಅದೂ ಅಲ್ಲದೆ ನೂರಾರು ಹೆಸರು ಹಾಕೋಕೆ ಜಾಗ ಎಲ್ಲಿ ಅಂದರು. ಸಂಬಳ ಲೇಖಕರಿಗೂ ಬರುತ್ತದೆ. ಜಾಗದ ಮಾತಂತೂ ಒಪ್ಪುವುದೇ ಇಲ್ಲ. ಅದೇ ವರದಿಯಲ್ಲಿ ಪೂರ್ತಿ ಪುಟದ ಫೋಟೋಗಳು ಆರು ಇವೆ. ಒಂದು ಮಾತು ಮಾತ್ರ ಒಪ್ಪುತ್ತೇನೆ: ಕೆಲವು ವಿಷಯಗಳಲ್ಲಿ ಹೆಸರು ಹೊರಬಂದರೆ ಊರಿನಲ್ಲಿ ಅವರಿಗೇ ತೊಂದರೆ. ಹಾಗಿದ್ದರೆ ಅವರನ್ನೇ ಕೇಳಿ. ಬೇಡ ಅಂದರೆ ಬಿಡಿ. ಕೇಳದೆಯೇ ಬಿಡುವುದು ಅವರ ಹಿತ ಕಾಯುವುದು ಹೇಗಾಗುತ್ತದೆ?

ದಾರಿ ಇಲ್ಲ ಅಂತಲ್ಲ. ಒಂದು ಸಂಶೋಧನೆಯಲ್ಲಿ ಯಾರು ಏನು ಮಾಡಿದರು ಅಂತ ತೋರಿಸಲು ಕ್ರೆಡಿಟ್ (CRediT) ಅನ್ನುವ ಪದ್ಧತಿ 2014ರಿಂದ ಇದೆ. ಅದರಲ್ಲಿ 14 ಪಾತ್ರಗಳಿವೆ. ಕರಡು ಬರೆಯುವುದು ಒಂದು ಪಾತ್ರವಾದರೆ, ಮಾಹಿತಿ ಕಲೆಹಾಕುವುದೂ ಒಂದು ಪಾತ್ರ, ಅದನ್ನು ಶುಚಿ ಮಾಡಿ ಜೋಡಿಸುವುದೂ ಒಂದು ಪಾತ್ರ. ವಿಜ್ಞಾನದ ಎಷ್ಟೋ ಪತ್ರಿಕೆಗಳು ಅದನ್ನು ಬಳಸುತ್ತಿವೆ. ಬಡವರ ಪರವಾಗಿ, ನ್ಯಾಯದ ಪರವಾಗಿ ವರದಿ ಬರೆಯುವ ನಮಗೆ ಅದು ಯಾಕೆ ಕಷ್ಟ ಆಗಬೇಕು? ಯೋಜನೆ ಮುಗಿದ ದಿನ ಈ ಹುಡುಗ ಹುಡುಗಿಯರ ಒಪ್ಪಂದವೂ ಮುಗಿಯುತ್ತದೆ. ಮುಂದಿನ ಕೆಲಸಕ್ಕೆ ಹೋದಾಗ ತೋರಿಸಲು ಅವರ ಕೈಯಲ್ಲಿ ಒಂದು ಪುಟವಾದರೂ ಇರಬೇಕು, ಅಲ್ವಾ?

ಬಂದ ಕೂಡಲೇ ಹಳೇ ಲ್ಯಾಪ್‌ಟಾಪ್ ತೆಗೆದೆ. ನೀರಿನ ಸಮೀಕ್ಷೆಯ ಹಾಜರಿ ಪಟ್ಟಿ ಸಿಕ್ಕಿತು. 38 ಹೆಸರು. ಆ ವರದಿ ಈಗಲೂ ವೆಬ್‌ಸೈಟಿನಲ್ಲಿದೆ. ಒಂದು ಪುಟ ಸೇರಿಸಿ ಅಂತ ಸಂಸ್ಥೆಗೆ ಪತ್ರ ಬರೆದಿದ್ದೇನೆ. ಹೆಸರು ಹಾಕಬಹುದಾ ಅಂತ ಅವರನ್ನೂ ಕೇಳಲು ಶುರು ಮಾಡಿದ್ದೇನೆ. ಮೂವರು ಸಿಕ್ಕರು. ಫೋನ್ ಮಾಡಿದ್ದಳಲ್ಲ, ಆ ಹುಡುಗಿಯ ನಂಬರ್ ಬದಲಾಗಿದೆ. ಆಗ ನನ್ನ ಜೊತೆ ಕೆಲಸ ಮಾಡಿದವರು ಇದನ್ನು ಓದುತ್ತಿದ್ದರೆ, ಅವಳು ಈಗ ಎಲ್ಲಿದ್ದಾಳೆ ಅಂತ ಗೊತ್ತಿದ್ದರೆ, ನನಗೆ ಮೆಸೇಜ್ ಮಾಡಿ.