ಮತಪೆಟ್ಟಿಗೆ ಹೊತ್ತ ಮೇಷ್ಟ್ರು

ಉತ್ತರ ಪ್ರದೇಶದ ಮುಲಾಯಂ ಸಿಂಗ್ ಯಾದವರ ರಾಜಕೀಯದ ಬಗ್ಗೆ ನನಗೆ ನೂರು ತಕರಾರುಗಳಿವೆ. ಆದರೂ ಅವರ ಬದುಕಿನ ಮೊದಲ ಅಧ್ಯಾಯ ಮನಸ್ಸಿನಿಂದ ಹೋಗುವುದಿಲ್ಲ. ಮೈನ್‌ಪುರಿ ಜಿಲ್ಲೆಯ ಕರ್ಹಲ್‌ನ ಜೈನ್ ಇಂಟರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ಕುಸ್ತಿಯನ್ನೂ ಆಡುತ್ತಿದ್ದ ಮೇಷ್ಟ್ರು 1967ರಲ್ಲಿ ಶಾಸಕರಾದರು, ಮೂರು ಸಲ ಮುಖ್ಯಮಂತ್ರಿಯಾದರು, 1996ರಲ್ಲಿ ಅದೇ ಮೈನ್‌ಪುರಿಯಿಂದ ಲೋಕಸಭೆಗೆ ಹೋಗಿ ರಕ್ಷಣಾ ಸಚಿವರೂ ಆದರು. ನಮ್ಮಲ್ಲೂ ಹುಬ್ಬಳ್ಳಿಯ ದೈಹಿಕ ಶಿಕ್ಷಕ ಬಸವರಾಜ ಹೊರಟ್ಟಿ 1980ರಿಂದ ಎಂಟು ಸಲ ಶಿಕ್ಷಕರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಗೆದ್ದಿದ್ದಾರೆ.

ಇಂಥದ್ದನ್ನು ಓದಿದಾಗಲೆಲ್ಲ ನನಗೆ ಅಪ್ಪಯ್ಯನ ನೆನಪು. ಹೊಸನಗರ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಯಾರ ತೋಟಕ್ಕೆ ಕೊಳೆರೋಗ ಬಂದಿದೆ, ಯಾರ ಬಗರ್‌ಹುಕುಂ ಅರ್ಜಿ ಕಚೇರಿಯಲ್ಲಿ ಕೊಳೆಯುತ್ತಿದೆ, ಹಳ್ಳ ತುಂಬಿದರೆ ಯಾವ ಮಗು ಶಾಲೆಗೆ ಬರುವುದಿಲ್ಲ, ಎಲ್ಲವೂ ಬಾಯಿಪಾಠ. ಜನಗಣತಿಗೆ ಮನೆಮನೆ ತಿರುಗಿದ ಕಾಲುಗಳಲ್ಲವೇ! ಚುನಾವಣೆ ಬಂದರೆ ಮಸ್ಟರಿಂಗ್ ಕೇಂದ್ರದಲ್ಲಿ ಪೆಟ್ಟಿಗೆ, ಶಾಯಿ, ಅರಗು ಎಣಿಸಿಕೊಂಡು ಲಾರಿ ಹತ್ತಿ, ಕತ್ತಲಾದ ಮೇಲೆ ಯಾವುದೋ ಶಾಲೆಯ ಜಗಲಿ ಸೇರುವರು. ಬೆಂಚು ಜೋಡಿಸಿ ಮಲಗುವರು. ಮಳೆಗಾಲವಾದರೆ ರಕ್ತ ಹೀರುವ ಉಂಬಳದ ಕಾಟ ಬೇರೆ. ಅರಗಿನ ಹನಿ ಬಿದ್ದು ಸುಟ್ಟ ಬಿಳಿ ಅಂಗಿಯ ತೋಳಿಗೆ ಅಮ್ಮ ಹಾಕಿದ ತೇಪೆ ಇಂದಿಗೂ ಕಣ್ಣ ಮುಂದಿದೆ.

ಇಂಥವರು ಚುನಾವಣೆಗೆ ನಿಲ್ಲಬೇಕೆಂದರೆ ಮೊದಲು ರಾಜೀನಾಮೆ ಕೊಡಬೇಕು. ಅದು ಸರಿಯೇ, ಸರ್ಕಾರದ ಸಂಬಳ ಪಡೆಯುತ್ತ ಸ್ಪರ್ಧಿಸಲಾಗದು. ನನ್ನ ಸಿಟ್ಟು ಬೇರೆಯದು. ಶಿವಮೊಗ್ಗ, ಚಿಕ್ಕಮಗಳೂರು, ಕರಾವಳಿ, ಕೊಡಗು ಎಲ್ಲ ಸೇರಿದ ನೈಋತ್ಯ ಶಿಕ್ಷಕರ ಕ್ಷೇತ್ರವೆಂಬುದೊಂದು ವಿಧಾನ ಪರಿಷತ್ತಿನಲ್ಲಿ ನಮಗಿದೆ. ಅದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಮತವೇ ಇಲ್ಲ! ಸಂವಿಧಾನದ 171ನೇ ವಿಧಿಯ ಪ್ರಕಾರ ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನವರೇ ಮತದಾರರು. ಅಭ್ಯರ್ಥಿ ಮಾತ್ರ ಶಿಕ್ಷಕನಾಗಿರಲೇಬೇಕೆಂದಿಲ್ಲ. ಚಾಕ್‌ಪೀಸ್ ಮುಟ್ಟದವರು ನಿಲ್ಲಬಹುದು, ಅಆಇಈ ತಿದ್ದಿಸಿದವರು ಮತ ಹಾಕುವಂತಿಲ್ಲ. ಪದವಿ ಇದ್ದವರು ಪದವೀಧರರ ಕ್ಷೇತ್ರದಲ್ಲಾದರೂ ಹಾಕಿಯಾರು, ಅಪ್ಪಯ್ಯನದು ಟಿಸಿಎಚ್, ಪದವಿಯಲ್ಲದ ಶಿಕ್ಷಕ ತರಬೇತಿ.

ಒಮ್ಮೆ ಪರಿಷತ್ ಚುನಾವಣೆಯ ಪ್ರಚಾರಕ್ಕೆಂದು ಇಬ್ಬರು ಜೀಪಿನಲ್ಲಿ ಶಾಲೆಗೆ ಬಂದರಂತೆ. ಕೈಮುಗಿದು ಕರಪತ್ರ ಕೊಟ್ಟರು. ಅಪ್ಪಯ್ಯ, "ನಾನು ಒಂದನೇ ತರಗತಿಯ ಮೇಷ್ಟ್ರು" ಎಂದರು. ಬಂದವರಲ್ಲಿ ಒಬ್ಬರು ಕರಪತ್ರವನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, "ಹೈಸ್ಕೂಲಿಗೆ ದಾರಿ ಯಾವುದು ಮೇಷ್ಟ್ರೇ?" ಎಂದು ಕೇಳಿದರು. ಅಪ್ಪಯ್ಯ ದಾರಿ ತೋರಿಸಲು ಹುಡುಗನೊಬ್ಬನನ್ನು ಜೊತೆಗೆ ಕಳಿಸಿದರು. ಆ ಚುನಾವಣೆಯ ಡ್ಯೂಟಿ ಪತ್ರ ಆಗಲೇ ಅವರ ಮೇಜಿನ ಖಾನೆಯಲ್ಲಿತ್ತು.