ಹೆಬ್ಬೆಟ್ಟು ಒತ್ತಿದರೆ ಡ್ಯೂಟಿ ಮುಗೀತು

ನಮ್ಮ ಆಸ್ಪತ್ರೆಯಲ್ಲಿ ಬೆಡ್‌ಗಳಿಗಿಂತ ವಾಟ್ಸಾಪ್ ಗ್ರೂಪ್‌ಗಳೇ ಜಾಸ್ತಿ. ವಾರ್ಡಿಗೊಂದು, ಐಸಿಯುಗೊಂದು, ರೋಸ್ಟರಿಗೊಂದು, ಯಾವಾಗಲೋ ಇನ್‌ಸ್ಪೆಕ್ಷನ್ ಬಂದಾಗ ಹುಟ್ಟಿ ಇನ್ನೂ ಸಾಯದೆ ಉಳಿದಿರೋದೊಂದು. ಜೊತೆಗೆ ಇನ್‌ಚಾರ್ಜ್ ಸಿಸ್ಟರ್ ಇಲ್ಲದ ಒಂದು ಗ್ರೂಪು. ನಿಜವಾದ ಸುದ್ದಿ ಸಿಗೋದು ಅಲ್ಲೇ.

ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್, ಅದರ ಕೆಳಗೆ ಯಾರದೋ ಮಗುವಿನ ಬರ್ತ್‌ಡೇ, ಅದರ ಕೆಳಗೆ ಬಿಲ್ಲಿಂಗ್‌ನವರ ಧರ್ಮಸ್ಥಳದ ಫೋಟೋ, ಇವೆಲ್ಲದರ ನಡುವೆ ಸಿಕ್ಕಿಹಾಕಿಕೊಂಡು ಲ್ಯಾಬಿನವರ ಮೆಸೇಜು: 'ಬೆಡ್ 12, ಪೊಟ್ಯಾಸಿಯಂ 6.2'. ಅಷ್ಟು ಏರಿದರೆ ಹೃದಯದ ಬಡಿತವೇ ಹಳಿ ತಪ್ಪಬಹುದು. ಅದಕ್ಕೂ ಯಾರೋ ಕೈಮುಗಿಯುವ ಇಮೋಜಿ ಹಾಕಿದ್ದರು! ಪುಣ್ಯಕ್ಕೆ ಲ್ಯಾಬಿನ ಹುಡುಗಿ ಫೋನೂ ಮಾಡಿದ್ದಳು.

ಹಾಗಂತ ವಾಟ್ಸಾಪನ್ನು ಸುಮ್ನೆ ಬೈಯೋಕೂ ಆಗಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿ ಕಡೆಯ ಡಾಕ್ಟರುಗಳನ್ನು ಗ್ರೂಪಿಗೆ ಸೇರಿಸಿಕೊಂಡು, ಅವರು ಕಳಿಸುವ ಇಸಿಜಿ ಫೋಟೋ ನೋಡಿ ಮುಂದೇನು ಮಾಡಬೇಕು ಅಂತ ತಿಳಿಸುವ ಏರ್ಪಾಡನ್ನೇ ಮಾಡಿದ್ದಾರೆ. ಅಲ್ಲಿ ಯಾರಾದರೂ ಗುಲಾಬಿ ಹಾಕಿದರೆ ಏನಾಗುತ್ತೋ ಅನ್ನೋ ಕುತೂಹಲ ಮಾತ್ರ ನನಗಿದೆ.

ನಮ್ಮಲ್ಲಿ ದೊಡ್ಡ ಕಾಯಿಲೆ ಅಂದರೆ ಹೆಬ್ಬೆಟ್ಟಿನ ಇಮೋಜಿ. 'ಬ್ಲಡ್ ಬ್ಯಾಂಕಿನಿಂದ 2 ಯೂನಿಟ್ ತರಬೇಕು' ಅಂತ ಹಾಕಿದರೆ ಟಪಟಪ ಹೆಬ್ಬೆಟ್ಟು ಬೀಳುತ್ತವೆ. 'ನಾನು ಹೋಗ್ತೀನಿ' ಅಂತಲೋ, 'ಯಾರಾದರೂ ಹೋಗಿ' ಅಂತಲೋ ದೇವರಿಗೇ ಗೊತ್ತು. ಅರ್ಧ ಗಂಟೆ ಬಿಟ್ಟು ನೋಡಿದರೆ ರಕ್ತವೂ ಇಲ್ಲ, ಹೋದವರೂ ಇಲ್ಲ. ಕೊನೆಗೆ ತಂದವರು ಕೀಪ್ಯಾಡ್ ಫೋನಿನ ಅಟೆಂಡರ್. ಸಿಸ್ಟರ್ ಕಾರಿಡಾರಿನಲ್ಲಿ ನಿಂತು ಕೂಗಿದ್ದು ಅವರಿಗೊಬ್ಬರಿಗೇ ಕೇಳಿಸಿತ್ತು.

ಮೊನ್ನೆ ನಮ್ಮ ಜೊತೆಯವಳೊಬ್ಬಳು 'ಈ ತಿಂಗಳೂ ನಮಗೇ ನೈಟ್ ಬರೆದಿದ್ದಾಳೆ ಮಹಾತಾಯಿ' ಅಂತ ಟೈಪಿಸಿ ಅಫಿಷಿಯಲ್ ಗ್ರೂಪಿಗೇ ಬಿಟ್ಟಳು. ಗಾಬರಿಯಲ್ಲಿ ಒತ್ತಿದ್ದು 'ಡಿಲೀಟ್ ಫಾರ್ ಮಿ'. ಅನ್‌ಡು ಒತ್ತೋಕೆ ಸಿಗೋದೇ ಐದು ಸೆಕೆಂಡು, ಅದು ಕೈ ನಡುಗೋದ್ರಲ್ಲೇ ಕಳೆದುಹೋಯ್ತು. ಈಗ ಮೆಸೇಜು ಅವಳ ಫೋನೊಂದನ್ನು ಬಿಟ್ಟು ಊರೆಲ್ಲರ ಫೋನಿನಲ್ಲಿದೆ. ಇನ್‌ಚಾರ್ಜ್ ಸಿಸ್ಟರ್ ಟೈಪಿಂಗ್ ಅಂತ ಬಂತು, ನಿಂತಿತು, ಮತ್ತೆ ಬಂತು. 'ಇದು ಯಾವ ಗ್ರೂಪಿಗೆ ಹೋಗಬೇಕಿತ್ತಮ್ಮಾ? ನನ್ನನ್ನೂ ಅದಕ್ಕೆ ಸೇರಿಸು' ಅಂತ ಬರೆದರು.

ಓದದೇ ಒತ್ತುವ ನಮ್ಮವರು ಅದಕ್ಕೂ ಸಾಲಾಗಿ ಹೆಬ್ಬೆಟ್ಟು ಹಾಕಿದರು.